ಲೋಹಗಳ ಒಲವನ್ನು ಅಳೆದ ವಿಜ್ಞಾನಿ ವಾಲ್ಟರ್ ನರ್ನ್‌ಸ್ಟ್

ಮುಂಗಾರು ಕಾಲಿಡುವ ಮುನ್ನ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ನಡೆಯುವ ಕೆಲಸಗಳಲ್ಲಿ ಬೋರ್ಡೋ ದ್ರಾವಣದ ಸಿಂಪಡಣೆಯೂ ಒಂದು. ಅರೇಬಿಕಾ ಗಿಡದ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಹುಡಿಯಾಗಿ ಕಾಣಿಸಿಕೊಳ್ಳುವ ತುಕ್ಕು ರೋಗವನ್ನು ತಡೆಯಲು, ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆ ಬೇರೆಯಾಗಿ ನೀರಿನಲ್ಲಿ ಕಲಸಿ, ಆಮೇಲೆ ಒಂದುಗೂಡಿಸಿ ಈ ನೀಲಿ ದ್ರಾವಣವನ್ನು ಸಿದ್ಧಪಡಿಸುತ್ತಾರೆ. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದು ತೋಟದ ಮೇಸ್ತ್ರಿಗಳೆಲ್ಲ ಬಲ್ಲ ಕಟ್ಟಳೆ. ದ್ರಾವಣ ಸಿದ್ಧವಾದ ಮೇಲೆ ಹೊಳಪಾದ ಚಾಕುವಿನ ಅಲಗನ್ನು ಅದರಲ್ಲಿ ಕೊಂಚ ಹೊತ್ತು ಅದ್ದಿ ನೋಡುವ ಪದ್ಧತಿಯೂ ಉಂಟು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಸುಣ್ಣ ಸಾಲದೆಂದು ಅರ್ಥ. ಅಂಥ ದ್ರಾವಣವನ್ನು ಹಾಗೆಯೇ ಸಿಂಪಡಿಸಿದರೆ ರೋಗಕ್ಕಿಂತ ಮೊದಲು ಎಳೆಯ ಎಲೆಯೇ ಸುಟ್ಟುಹೋದೀತು. ಇನ್ನಷ್ಟು ಸುಣ್ಣದ ತಿಳಿ ಬೆರೆಸಿ, ಅಲಗು ಅಲಗಾಗಿಯೇ ಹೊರಬರುವವರೆಗೆ ಪರೀಕ್ಷಿಸುತ್ತಾರೆ.

ಅಲಗಿನ ಮೇಲೆ ಕೂರುವ ಆ ಕೆಂಪು ಲೇಪ ಅಪ್ಪಟ ತಾಮ್ರ. ಅಲಗಿನಿಂದ ಕಬ್ಬಿಣ ಕರಗಿ ನೀರಿಗಿಳಿಯುತ್ತದೆ, ನೀರಿನಲ್ಲಿದ್ದ ತಾಮ್ರ ಲೋಹವಾಗಿ ಅಲಗನ್ನೇರುತ್ತದೆ. ಯಾರೂ ಬಲವಂತಪಡಿಸದೆ, ಕಾಯಿಸದೆ, ಕಲಕದೆ ಈ ವಿನಿಮಯ ತಾನಾಗಿ ನಡೆಯುತ್ತದೆ. ಆದರೆ ತಾಮ್ರದ ತಂತಿಯೊಂದನ್ನು ಕಬ್ಬಿಣದ ಲವಣದ ದ್ರಾವಣದಲ್ಲಿ ವರ್ಷಗಟ್ಟಲೆ ಅದ್ದಿಟ್ಟರೂ ಅದರ ಮೇಲೆ ಕಬ್ಬಿಣ ಕೂರುವುದಿಲ್ಲ. ನಿಸರ್ಗ ಒಂದು ದಾರಿಯನ್ನು ತೆರೆದಿಟ್ಟು ಇನ್ನೊಂದನ್ನು ಮುಚ್ಚಿರುವುದೇಕೆ? ತೆರೆದ ದಾರಿಯ ಇಳಿಜಾರು ಎಷ್ಟು? ಈ ಪ್ರಶ್ನೆಗಳಿಗೆ ಸಂಖ್ಯೆಯ ರೂಪದಲ್ಲಿ ಉತ್ತರ ಕೊಟ್ಟವನು ಜರ್ಮನಿಯ ವಾಲ್ಟರ್ ನರ್ನ್‌ಸ್ಟ್. ಆಗ ಅವನಿಗೆ ಇಪ್ಪತ್ತೈದು ವರ್ಷ. ರಸಾಯನಶಾಸ್ತ್ರದ ಪಠ್ಯಪುಸ್ತಕಗಳಲ್ಲಿ ಸಮೀಕರಣವೊಂದರ ಹೆಸರಾಗಿ ಮಾತ್ರ ನಮ್ಮ ವಿದ್ಯಾರ್ಥಿಗಳಿಗೆ ಪರಿಚಿತನಾಗಿರುವ ಈ ಪುರುಷನ ಬದುಕನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇನೆ.

ನರ್ನ್‌ಸ್ಟ್ 1864ರ ಜೂನ್ 25ರಂದು ಪಶ್ಚಿಮ ಪ್ರಷ್ಯದ ಬ್ರೀಸೆನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿದೆ. ತಂದೆ ನ್ಯಾಯಾಧೀಶ. ಬಾಲಕನಿಗೆ ಸಾಹಿತ್ಯದಲ್ಲಿ ಬಹಳ ಅಕ್ಕರೆ. ಕವಿಯಾಗಬೇಕೆಂಬ ಹಂಬಲವೂ ಇತ್ತು. ಗ್ರೌಡೆನ್ಸ್ ಪಟ್ಟಣದ ಶಾಲೆಯಲ್ಲಿ ಓದುತ್ತಿದ್ದಾಗ ರಸಾಯನಶಾಸ್ತ್ರದ ಕಡೆಗೆ ಅವನ ಮನಸ್ಸನ್ನು ತಿರುಗಿಸಿದವರು ಅಲ್ಲಿನ ಉಪಾಧ್ಯಾಯರು. ಶಾಲೆಯ ಉಪಾಧ್ಯಾಯನೊಬ್ಬ ಹಚ್ಚಿದ ಹಣತೆ ಎಷ್ಟು ದೂರ ಬೆಳಕು ಬೀರಬಲ್ಲದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಅಂದಿನ ಜರ್ಮನ್ ವಿದ್ಯಾರ್ಥಿಗಳ ವಾಡಿಕೆಯಂತೆ ಅವನು ಒಂದೇ ವಿಶ್ವವಿದ್ಯಾನಿಲಯಕ್ಕೆ ಅಂಟಿಕೊಳ್ಳದೆ ಜ್ಯೂರಿಕ್, ಬರ್ಲಿನ್, ಗ್ರಾಜ್, ವ್ಯೂರ್ಟ್ಸ್‌ಬುರ್ಗ್‌ಗಳಲ್ಲಿ ಅಧ್ಯಯನ ನಡೆಸಿದನು. ಗ್ರಾಜ್‌ನಲ್ಲಿ ಬೋಲ್ಟ್ಸ್‌ಮನ್ನನ ಸಾನ್ನಿಧ್ಯ ದೊರೆಯಿತು. ವ್ಯೂರ್ಟ್ಸ್‌ಬುರ್ಗ್‌ನಲ್ಲಿ ದ್ರಾವಣಗಳ ವಿದ್ಯುದ್ವಾಹಕತೆಯನ್ನು ಅಳೆಯುವುದರಲ್ಲಿ ನಿಷ್ಣಾತನಾಗಿದ್ದ ಕೋಲ್ರೌಷ್ ಗುರುವಾದನು. ಸ್ವೀಡನ್ನಿನ ಅರ್ಹೇನಿಯಸ್ ಗೆಳೆಯನಾದನು. 1887ರಲ್ಲಿ ಡಾಕ್ಟರೇಟ್ ಪಡೆದ ನರ್ನ್‌ಸ್ಟ್, ಲೈಪ್‌ಜಿಗ್‌ನಲ್ಲಿ ಭೌತ ರಸಾಯನಶಾಸ್ತ್ರವೆಂಬ ಹೊಸ ಶಾಖೆಯನ್ನು ಕಟ್ಟುತ್ತಿದ್ದ ಓಸ್ಟ್‌ವಾಲ್ಡನ ಸಹಾಯಕನಾಗಿ ಸೇರಿದನು.

ಅವನು ಕೈಹಾಕಿದ ಸಮಸ್ಯೆ ಆಗಲೇ ತೊಂಬತ್ತು ವರ್ಷ ಹಳೆಯದಾಗಿತ್ತು. 1800ರಲ್ಲಿ ಇಟಲಿಯ ವೋಲ್ಟ, ಎರಡು ಬಗೆಯ ಲೋಹದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ತೋಯ್ಸಿದ ಪದರಗಳನ್ನಿಟ್ಟು ಪೇರಿಸಿ ವಿದ್ಯುತ್ ಪ್ರವಾಹವನ್ನು ಪಡೆದಿದ್ದನು. 1836ರಲ್ಲಿ ಇಂಗ್ಲೆಂಡಿನ ಡೇನಿಯಲ್ ಸತುವನ್ನೂ ತಾಮ್ರವನ್ನೂ ಬೇರೆ ಬೇರೆ ದ್ರಾವಣಗಳಲ್ಲಿರಿಸಿ ಸ್ಥಿರವಾದ ಕೋಶವನ್ನು ರಚಿಸಿದನು. ಅಂಥ ಕೋಶಗಳು ತಂತಿ ಸಮಾಚಾರವನ್ನು ದೇಶದೇಶಗಳಿಗೆ ಸಾಗಿಸಿದವು. ಕೆಲಸ ನಡೆಯುತ್ತಿತ್ತು, ಕಾರಣ ಮಾತ್ರ ಸ್ಪಷ್ಟವಾಗಿರಲಿಲ್ಲ. ಎರಡು ಲೋಹಗಳು ಒಂದನ್ನೊಂದು ಸ್ಪರ್ಶಿಸುವಲ್ಲಿ ವಿದ್ಯುತ್ತು ಹುಟ್ಟುತ್ತದೆಂದು ಕೆಲವರು ವಾದಿಸಿದರೆ, ಲೋಹವೂ ದ್ರವವೂ ಸೇರುವಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯೇ ಮೂಲವೆಂದು ಇತರರು ಸಾಧಿಸುತ್ತಿದ್ದರು. ಇಷ್ಟರಲ್ಲಿ ಎರಡು ಹೊಸ ವಿಚಾರಗಳು ಬಂದಿದ್ದವು. ಕರಗಿದ ಲವಣ ವಿದ್ಯುದಂಶವುಳ್ಳ ಅಯಾನುಗಳಾಗಿ ಒಡೆದಿರುತ್ತದೆಂದು ಅರ್ಹೇನಿಯಸ್ ಹೇಳಿದ್ದನು. ಕರಗಿದ ವಸ್ತು ಅನಿಲದಂತೆಯೇ ಒತ್ತಡವನ್ನು ಬೀರುತ್ತದೆಂದು ಹಾಲೆಂಡಿನ ವ್ಯಾಂಟ್ ಹಾಫ್ ತೋರಿಸಿದ್ದನು.

ಈ ಎರಡು ಎಳೆಗಳನ್ನು ಹೊಸೆದು ನರ್ನ್‌ಸ್ಟ್ 1889ರಲ್ಲಿ ತನ್ನ ಸಿದ್ಧಾಂತವನ್ನು ಮಂಡಿಸಿದನು. ಪ್ರತಿಯೊಂದು ಲೋಹಕ್ಕೂ ತನ್ನ ಅಯಾನುಗಳನ್ನು ನೀರಿಗೆ ಕಳುಹಿಸುವ ಒಲವೊಂದಿದೆ. ನೀರಿನಲ್ಲಾಗಲೇ ಇರುವ ಅದೇ ಲೋಹದ ಅಯಾನುಗಳು ಮರಳಿ ಲೋಹವಾಗಲು ಹವಣಿಸುತ್ತವೆ. ತುಂಬಿದ ಕೆರೆಯ ತೂಬಿನಲ್ಲಿ ಒಳಗಿನ ನೀರು ಹೊರಕ್ಕೂ ಹೊರಗಿನ ನೀರು ಒಳಕ್ಕೂ ಒತ್ತಿದಂತೆ ಇವೆರಡೂ ಒಂದನ್ನೊಂದು ಎದುರಿಸಿ ನಿಲ್ಲುತ್ತವೆ. ಆ ಸೆಣಸಾಟದ ಫಲವಾಗಿ ಲೋಹಕ್ಕೂ ದ್ರಾವಣಕ್ಕೂ ನಡುವೆ ವಿದ್ಯುತ್ತಿನ ಎತ್ತರದ ವ್ಯತ್ಯಾಸವೊಂದು ಏರ್ಪಡುತ್ತದೆ. ಅದೇ ವಿದ್ಯುದ್ವಾರ ವಿಭವ. ದ್ರಾವಣದಲ್ಲಿ ಅಯಾನುಗಳ ಸಾರತೆ ಹೆಚ್ಚಿದಂತೆ ಈ ವಿಭವ ಏರುತ್ತದೆ, ಕಡಿಮೆಯಾದಂತೆ ಇಳಿಯುತ್ತದೆ. ಎಷ್ಟು ಏರುತ್ತದೆ, ಎಷ್ಟು ಇಳಿಯುತ್ತದೆ ಎಂಬುದನ್ನು ಹೇಳುವ ಸೂತ್ರವೇ ನರ್ನ್‌ಸ್ಟ್ ಸಮೀಕರಣ.

ಒಂದು ಬದಿಯ ಎತ್ತರವನ್ನು ಮಾತ್ರ ಅಳೆಯುವುದು ಅಸಾಧ್ಯ; ಎರಡರ ಅಂತರವನ್ನಷ್ಟೇ ಅಳೆಯಬಹುದು. ಬೆಟ್ಟಗಳ ಎತ್ತರವನ್ನು ಸಮುದ್ರಮಟ್ಟದಿಂದ ಎಣಿಸುವಂತೆ, ಹೈಡ್ರೊಜನ್ ವಿದ್ಯುದ್ವಾರವನ್ನು ಸೊನ್ನೆಯೆಂದು ಇಟ್ಟುಕೊಳ್ಳುವ ಕ್ರಮವನ್ನು ಸೂಚಿಸಿದವನೂ ನರ್ನ್‌ಸ್ಟನೇ. ಆ ಸೊನ್ನೆಯಿಂದ ಎಣಿಸಿದರೆ ನಿಯತ ಸ್ಥಿತಿಯಲ್ಲಿ ತಾಮ್ರದ ವಿಭವ 0.34 ವೋಲ್ಟ್ ಮೇಲಿದೆ, ಕಬ್ಬಿಣದ್ದು 0.44 ವೋಲ್ಟ್ ಕೆಳಗಿದೆ. ಸತುವಿನದು ಇನ್ನೂ ಕೆಳಗೆ, 0.76ರಷ್ಟು. ಎಲೆಕ್ಟ್ರಾನುಗಳು ಕೆಳಗಿನ ವಿಭವದ ಲೋಹದಿಂದ ಮೇಲಿನ ವಿಭವದ ಲೋಹದತ್ತ ಹರಿಯುತ್ತವೆ. ಮಲೆನಾಡಿನ ಮಳೆಗೆ ಮೈಯೊಡ್ಡಿದ ಸತು ಲೇಪದ ತಗಡಿನಲ್ಲಿ ಅಲ್ಲಲ್ಲಿ ಗೀರು ಬಿದ್ದರೂ ಕಬ್ಬಿಣ ಬೇಗನೆ ತುಕ್ಕು ಹಿಡಿಯದಿರುವುದು ಈ ಕಾರಣದಿಂದಲೇ. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ.

ಈಗ ಚಾಕುವಿನ ಅಲಗಿಗೆ ಮರಳೋಣ. ತಾಮ್ರಕ್ಕೂ ಕಬ್ಬಿಣಕ್ಕೂ ಇರುವ ಅಂತರ 0.78 ವೋಲ್ಟ್. ಈ ಅಂತರ ಧನಾತ್ಮಕವಾಗಿದ್ದರೆ ಕ್ರಿಯೆಯಲ್ಲಿ ಮುಕ್ತ ಶಕ್ತಿ ತಗ್ಗುತ್ತದೆ. ಮುಕ್ತ ಶಕ್ತಿ ತಗ್ಗುವ ಕ್ರಿಯೆಯೇ ಸ್ವಯಂಪ್ರೇರಿತ ಕ್ರಿಯೆ. ನಿಯತ ಸ್ಥಿತಿಯಲ್ಲಿ 63.5 ಗ್ರಾಂ ತಾಮ್ರ ಹೊರಬೀಳುವಾಗ ತಗ್ಗುವ ಮುಕ್ತ ಶಕ್ತಿ ಸುಮಾರು 150 ಕಿಲೋಜೂಲ್. ಅದೇ ಎರಡು ಲೋಹಗಳನ್ನು ಬೇರೆ ಬೇರೆ ಪಾತ್ರೆಗಳಲ್ಲಿ ತಮ್ಮ ಲವಣಗಳ ದ್ರಾವಣದಲ್ಲಿಟ್ಟು, ದ್ರಾವಣಗಳನ್ನು ಲವಣ ಸೇತುವೆಯಿಂದಲೂ ಲೋಹಗಳನ್ನು ತಂತಿಯಿಂದಲೂ ಜೋಡಿಸಿದರೆ ಆ ಶಕ್ತಿ ಪ್ರವಾಹವಾಗಿ ನಮ್ಮ ಕೆಲಸಕ್ಕೆ ಒದಗುತ್ತದೆ. ಅಲಗಿನ ಮೇಲೆ ನೇರವಾಗಿ ನಡೆದರೆ ಬರಿಯ ಬಿಸಿಯಾಗಿ ಚದುರಿಹೋಗುತ್ತದೆ. ತೋಟದಲ್ಲಿ ದ್ರಾವಣ ಅಷ್ಟು ಗಾಢವಾಗಿರುವುದಿಲ್ಲವೆಂದು ಓದುಗರು ಕೇಳಬಹುದು. ನಿಜ. ಕಾಫಿಯ ಎಲೆ ತುಕ್ಕಿಗೆ ಬಳಸುವ ಶೇಕಡಾ 0.5ರ ಪ್ರಮಾಣದಲ್ಲಿ ಲೀಟರಿಗೆ 5 ಗ್ರಾಂ ಮೈಲುತುತ್ತ ಮಾತ್ರ ಇರುತ್ತದೆ. ಸುಣ್ಣ ಸೇರುವ ಮುನ್ನ ಅಷ್ಟು ತೆಳುವಾದ ನೀರಿನಲ್ಲಿ ತಾಮ್ರದ ವಿಭವ ಎಷ್ಟೆಂದು ನರ್ನ್‌ಸ್ಟನ ಸೂತ್ರವನ್ನು ಕೇಳಿದರೆ ಅದು ಸುಮಾರು 0.29 ವೋಲ್ಟ್ ಎನ್ನುತ್ತದೆ. ತಾಮ್ರದ ಸಾರತೆ ಹತ್ತರಲ್ಲೊಂದು ಪಾಲಾದಾಗಲೆಲ್ಲ ವಿಭವ ಸುಮಾರು 0.03 ವೋಲ್ಟಿನಷ್ಟು ಮಾತ್ರ ಇಳಿಯುತ್ತದೆ. ಕ್ರಿಯೆಯ ದಿಕ್ಕು ತಿರುಗಬೇಕಾದರೆ ನೀರಿನಲ್ಲಿ ಕಬ್ಬಿಣದ ಅಯಾನುಗಳು ತಾಮ್ರದ ಅಯಾನುಗಳಿಗಿಂತ ಒಂದರ ಮುಂದೆ ಇಪ್ಪತ್ತಾರು ಸೊನ್ನೆಗಳನ್ನು ಬರೆದಷ್ಟು ಪಟ್ಟು ಹೆಚ್ಚಿರಬೇಕು. ತಾಮ್ರದ ತಂತಿಯ ಮೇಲೆ ಕಬ್ಬಿಣ ಎಂದೂ ಕೂರದಿರುವುದಕ್ಕೆ ಇದು ಉತ್ತರ.

ಹಾಗಾದರೆ ಸುಣ್ಣ ಬೆರೆಸಿದೊಡನೆ ಅಲಗು ಶುಭ್ರವಾಗಿ ಉಳಿಯುವುದೇಕೆ? ಇಲ್ಲಿ ಅವಸರದ ಉತ್ತರ ಕೊಟ್ಟು ಎಡವುವುದು ಸುಲಭ. ಸುಣ್ಣ ಸೇರಿದಾಗ ತಾಮ್ರ ಕರಗದ ನೀಲಿ ಗಸಿಯಾಗಿ ಮಾರ್ಪಡುತ್ತದೆ; ನೀರಿನಲ್ಲಿ ಸ್ವತಂತ್ರವಾಗಿ ಉಳಿಯುವ ತಾಮ್ರದ ಅಂಶ ಅತ್ಯಲ್ಪ. ಆದರೂ ಕೋಷ್ಟಕದ ಲೆಕ್ಕವನ್ನಷ್ಟೇ ನೋಡಿದರೆ ಕಬ್ಬಿಣಕ್ಕೆ ಆಗಲೂ ತಾಮ್ರವನ್ನು ಹೊರದೂಡುವ ಒಲವು ಉಳಿದೇ ಇರುತ್ತದೆ. ಒಲವಿದ್ದರೂ ಕ್ರಿಯೆ ನಡೆಯುವುದಿಲ್ಲ, ಏಕೆಂದರೆ ಎಟಕುವಂತೆ ಕರಗಿರುವ ತಾಮ್ರ ಇಲ್ಲ. ಮೇಲಾಗಿ ಕ್ಷಾರದಲ್ಲಿ ಕಬ್ಬಿಣದ ಮೈಮೇಲೆ ಕಣ್ಣಿಗೆ ಕಾಣದ ಆಕ್ಸೈಡಿನ ಪೊರೆಯೊಂದು ಕಟ್ಟಿಕೊಂಡು ಅದಕ್ಕೆ ತಡೆಯೊಡ್ಡುತ್ತದೆ. ವಿಭವ ದಿಕ್ಕನ್ನು ಹೇಳುತ್ತದೆ, ವೇಗವನ್ನು ಹೇಳುವುದಿಲ್ಲ. ಸ್ವಯಂಪ್ರೇರಿತವೆಂದರೆ ತಕ್ಷಣ ಆಗುವಂಥದು ಎಂದಲ್ಲ. ಹೊರಗಿನ ನೂಕುಬಲವಿಲ್ಲದೆ ಆಗಬಲ್ಲದ್ದು ಎಂದಷ್ಟೇ ಅರ್ಥ. ಪರೀಕ್ಷೆಗಳಲ್ಲಿ ಈ ಎರಡನ್ನೂ ಒಂದೆಂದು ಬರೆಯುವ ವಿದ್ಯಾರ್ಥಿಗಳು ಇಂದಿಗೂ ಬಹಳ. ಆಗಬಲ್ಲದ್ದಕ್ಕೂ ಆಗುವುದಕ್ಕೂ ನಡುವಿನ ಈ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು; ನರ್ನ್‌ಸ್ಟನ ಜೀವನದ ಉತ್ತರಾರ್ಧವನ್ನು ತಿಳಿಯುವುದಕ್ಕೂ ಅದು ನೆರವಾಗುತ್ತದೆ.

ಸಮೀಕರಣದ ಕೀರ್ತಿಯಿಂದ ಅವನು ಗ್ಯೋಟಿಂಗೆನ್ ವಿಶ್ವವಿದ್ಯಾನಿಲಯಕ್ಕೆ ಬಂದನು. 1894ರಲ್ಲಿ ಅಲ್ಲಿ ಭೌತ ರಸಾಯನಶಾಸ್ತ್ರದ ಪ್ರಾಧ್ಯಾಪಕನಾದನು. 1892ರಲ್ಲಿ ಎಮ್ಮ ಲೋಮೈಯರ್ ಎಂಬಾಕೆಯನ್ನು ವರಿಸಿದ್ದನು. ಈ ದಂಪತಿಗಳಿಗೆ ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. 1893ರಲ್ಲಿ ಹೊರಬಂದ ಅವನ ಸೈದ್ಧಾಂತಿಕ ರಸಾಯನಶಾಸ್ತ್ರದ ಗ್ರಂಥ ಬಹುಕಾಲ ವಿದ್ಯಾರ್ಥಿಗಳ ಕೈಪಿಡಿಯಾಗಿತ್ತು. ನಂತರ ಅವನು ಹೊಸ ಬಗೆಯ ವಿದ್ಯುದ್ದೀಪವೊಂದನ್ನು ನಿರ್ಮಿಸಿ ಅದರ ಹಕ್ಕನ್ನು ಜರ್ಮನಿಯ ಕೈಗಾರಿಕಾ ಸಂಸ್ಥೆಯೊಂದಕ್ಕೆ ಭಾರಿ ಮೊತ್ತಕ್ಕೆ ಮಾರಿದನು. ದೀಪವನ್ನು ಟಂಗ್‌ಸ್ಟನ್ ತಂತಿಯ ಬಲ್ಬು ಬೇಗನೆ ಹಿಂದಿಕ್ಕಿತು, ಹಣವಂತೂ ಉಳಿಯಿತು. ಪ್ರಾಧ್ಯಾಪಕರು ಕಾಲ್ನಡಿಗೆಯಲ್ಲಿ ಸಂಚರಿಸುತ್ತಿದ್ದ ಆ ಪಟ್ಟಣದಲ್ಲಿ ಅವನು ಮೋಟಾರು ಕಾರಿನಲ್ಲಿ ಓಡಾಡುತ್ತಿದ್ದನು.

ಗ್ಯೋಟಿಂಗೆನ್ನಿನ ಹೆಸರು ಬಂದಾಗ ನಮ್ಮ ನಾಡಿಗೆ ಸಂಬಂಧಿಸಿದ ಒಂದು ಸಂಗತಿಯನ್ನು ಹೇಳಲೇಬೇಕು. ನರ್ನ್‌ಸ್ಟನ ಪ್ರಯೋಗಶಾಲೆ ಬೆಳಗಿದ ಆ ವಿಶ್ವವಿದ್ಯಾನಿಲಯದಲ್ಲಿಯೇ ಡಾಕ್ಟರೇಟ್ ಪಡೆದ ಕೆನಡಾ ದೇಶದ ಲೆಸ್ಲಿ ಕೋಲ್ಮನ್, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದನು. ಅಡಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರವನ್ನು ಅಧ್ಯಯನ ಮಾಡಿ, ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಮಲೆನಾಡಿನ ಬೆಳೆಗಾರರಿಗೆ ಕಲಿಸಿದವನು ಅವನು. ಮುಂದೆ ಸಂಸ್ಥಾನದ ಕೃಷಿ ನಿರ್ದೇಶಕನಾಗಿದ್ದ ಅವನ ಪ್ರಯತ್ನದಿಂದ 1925ರಲ್ಲಿ ನಮ್ಮ ಜಿಲ್ಲೆಯ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಪ್ರಾರಂಭವಾಯಿತು. ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ ಬೆಳೆದದ್ದು ಆ ಬೀಜದಿಂದ. ಒಂದೇ ವಿದ್ಯಾಪೀಠದ ಹೆಸರು ತಾಮ್ರದ ಸಿದ್ಧಾಂತದೊಂದಿಗೂ ನಮ್ಮ ಕಣಿವೆಗಳ ತಾಮ್ರದ ಸಿಂಪಡಣೆಯೊಂದಿಗೂ ಹೀಗೆ ಸೇರಿಕೊಂಡಿದೆ.

1905ರಲ್ಲಿ ನರ್ನ್‌ಸ್ಟ್ ಬರ್ಲಿನ್ನಿಗೆ ತೆರಳಿದನು. ಕೋಶದ ವಿಭವದಿಂದ ಕ್ರಿಯೆಯ ದಿಕ್ಕನ್ನು ತಿಳಿಯಬಹುದಾಗಿತ್ತು, ಸರಿ. ಆದರೆ ಕೋಶವಾಗಿ ಜೋಡಿಸಲಾಗದ ಕ್ರಿಯೆಗಳ ಗತಿಯೇನು? ಉಷ್ಣದ ಅಳತೆಗಳಿಂದಲೇ ಅವುಗಳ ಒಲವನ್ನು ಎಣಿಸಲಾದೀತೇ? ಪರಮ ಶೂನ್ಯ ಉಷ್ಣತೆಯನ್ನು ಸಮೀಪಿಸಿದಂತೆ ವಸ್ತುಗಳ ವರ್ತನೆ ಹೇಗಿರುತ್ತದೆಂಬುದನ್ನು ಕುರಿತ ಅವನ ಉಷ್ಣ ಪ್ರಮೇಯ ಈ ಪ್ರಶ್ನೆಗೆ ಪರಿಹಾರ ಒದಗಿಸಿತು. ಉಷ್ಣಗತಿ ವಿಜ್ಞಾನದ ಮೂರನೆಯ ನಿಯಮವೆಂದು ಪ್ರಸಿದ್ಧವಾದ ತತ್ತ್ವದ ಮೂಲ ಅದು. ಆ ಕಾರ್ಯಕ್ಕಾಗಿ 1920ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. 1911ರಲ್ಲಿ ಬ್ರಸೆಲ್ಸ್‌ನಲ್ಲಿ ಸೇರಿದ ಮೊದಲ ಸಾಲ್ವೆ ವಿಜ್ಞಾನ ಸಮ್ಮೇಳನದ ಹಿಂದಿನ ಪ್ರೇರಣೆಯೂ ಅವನದೇ. 1913ರಲ್ಲಿ ಪ್ಲಾಂಕನೊಡನೆ ಜ್ಯೂರಿಕ್‌ಗೆ ಪಯಣಿಸಿ, ಐನ್‌ಸ್ಟೈನನನ್ನು ಬರ್ಲಿನ್ನಿಗೆ ಬರಲು ಒಪ್ಪಿಸಿದವರಲ್ಲಿ ಅವನೂ ಒಬ್ಬನು.

ಈ ಏರುದಾರಿ 1914ರಲ್ಲಿ ಒಮ್ಮೆಲೇ ಕಡಿದುಹೋಯಿತು. ಮಹಾಯುದ್ಧ ಆರಂಭವಾದಾಗ ಐವತ್ತು ವರ್ಷದ ನರ್ನ್‌ಸ್ಟ್ ತನ್ನ ಕಾರಿನೊಡನೆ ಸ್ವಯಂಸೇವಕ ಚಾಲಕನಾಗಿ ಸೈನ್ಯದ ಸೇವೆಗೆ ಹೊರಟನು. ಜರ್ಮನಿಯ ಯುದ್ಧನೀತಿಯನ್ನು ಸಮರ್ಥಿಸಿ ತೊಂಬತ್ತಮೂರು ಮಂದಿ ವಿದ್ವಾಂಸರು ಹೊರಡಿಸಿದ ಘೋಷಣೆಗೆ ಅವನ ಹೆಸರೂ ಸೇರಿತು. ಶತ್ರುಗಳ ಕಣ್ಣು ಮೂಗುಗಳನ್ನು ಉರಿಸುವ ರಾಸಾಯನಿಕಗಳನ್ನು ಗುಂಡುಗಳಲ್ಲಿ ತುಂಬುವ ಪ್ರಯೋಗಗಳಲ್ಲಿ ಅವನು ತೊಡಗಿದನು. ಜೀವನಚರಿತ್ರೆ ಬರೆಯುವವರು ಈ ಪುಟವನ್ನು ಮಗುಚಿ ಮುಂದೆ ಸಾಗಬಾರದು. ಯಾವ ಕ್ರಿಯೆ ಸಾಧ್ಯ, ಯಾವುದು ಅಸಾಧ್ಯವೆಂಬುದನ್ನು ಅವನಷ್ಟು ನಿಖರವಾಗಿ ಬಲ್ಲವರು ಆಗ ಕೆಲವರೇ ಇದ್ದರು. ಸಾಧ್ಯವಾದದ್ದನ್ನು ಮಾಡಬೇಕೋ ಬೇಡವೋ ಎಂಬುದಕ್ಕೆ ಅವನ ಸಮೀಕರಣದಲ್ಲಿ ಉತ್ತರವಿರಲಿಲ್ಲ. ಅದೇ ಯುದ್ಧದಲ್ಲಿ ಅವನ ಇಬ್ಬರು ಗಂಡುಮಕ್ಕಳೂ ಮಡಿದರು. ಕೀರ್ತಿಯ ಶಿಖರದಲ್ಲಿದ್ದ ತಂದೆಗೆ ನೊಬೆಲ್ ಪಾರಿತೋಷಕ ಬಂದಾಗ ಮನೆಯಲ್ಲಿ ಆ ಎರಡು ಸ್ಥಾನಗಳು ಬರಿದಾಗಿದ್ದವು.

ಯುದ್ಧಾನಂತರ ಅವನು ಬರ್ಲಿನ್ನಿನ ರಾಷ್ಟ್ರೀಯ ಭೌತ ತಾಂತ್ರಿಕ ಸಂಸ್ಥೆಯ ಅಧ್ಯಕ್ಷನಾಗಿ 1922ರಿಂದ 1924ರವರೆಗೆ ದುಡಿದು, ತರುವಾಯ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ಸಂಸ್ಥೆಯ ನಿರ್ದೇಶಕನಾದನು. 1933ರಲ್ಲಿ ಹಿಟ್ಲರನ ಆಡಳಿತ ಬಂತು. ಅದೇ ವರ್ಷ ನರ್ನ್‌ಸ್ಟ್ ನಿವೃತ್ತನಾದನು. ಈ ಸಲ ಅವನು ಅಧಿಕಾರದ ಜಯಘೋಷಕ್ಕೆ ದನಿಗೂಡಿಸಲಿಲ್ಲ. ಅವನ ಇಬ್ಬರು ಹೆಣ್ಣುಮಕ್ಕಳು ಯಹೂದಿ ಮನೆತನದವರನ್ನು ವಿವಾಹವಾಗಿದ್ದರು. ಅವರು ದೇಶವನ್ನೇ ತೊರೆಯಬೇಕಾಯಿತು. ಯುದ್ಧ ಗಂಡುಮಕ್ಕಳನ್ನು ಕಸಿದುಕೊಂಡಿತ್ತು, ಜನಾಂಗ ದ್ವೇಷ ಹೆಣ್ಣುಮಕ್ಕಳನ್ನು ದೂರಮಾಡಿತು. ಆ ದ್ವೇಷದ ನೀತಿಯನ್ನು ಒಪ್ಪದ ನರ್ನ್‌ಸ್ಟ್ ರಾಜಧಾನಿಯಿಂದ ದೂರ ಸರಿದು ತ್ಸಿಬೆಲ್ಲೆ ಎಂಬಲ್ಲಿದ್ದ ತನ್ನ ಜಮೀನಿನಲ್ಲಿ ನೆಲೆಸಿದನು.

ಬೇಸಾಯಗಾರನಾಗಿಯೂ ಅವನು ಉಷ್ಣಗತಿ ವಿಜ್ಞಾನಿಯೇ ಆಗಿದ್ದನೆಂಬುದಕ್ಕೆ ಒಂದು ಕಥೆಯನ್ನು ಹೇಳುತ್ತಾರೆ. ಚಳಿಗಾಲದಲ್ಲಿ ದನದ ಕೊಟ್ಟಿಗೆಗೆ ಹೋದಾಗ ಅಲ್ಲಿ ಬೆಚ್ಚಗಿರುವುದನ್ನು ಅವನು ಕಂಡನಂತೆ. ದನಗಳ ಮೈಶಾಖದಿಂದ ಕೊಟ್ಟಿಗೆ ಬಿಸಿಯಾಗುತ್ತದೆಂದರೆ, ತಾನು ಹಣ ಕೊಟ್ಟು ತಂದ ಮೇವು ಜಗತ್ತನ್ನು ಕಾಯಿಸುವುದಕ್ಕೆ ವ್ಯಯವಾಗುತ್ತಿದೆಯೆಂದು ಲೆಕ್ಕಹಾಕಿ, ದನಗಳನ್ನು ಮಾರಿ, ಸುತ್ತಲಿನ ನೀರಿನಷ್ಟೇ ತಣ್ಣಗಿರುವ ಮೀನುಗಳ ಸಾಕಣೆಗೆ ತೊಡಗಿದನಂತೆ. ಕಥೆ ಎಷ್ಟರಮಟ್ಟಿಗೆ ಬೆಳೆದಿದೆಯೋ, ಕೆರೆಗಳಲ್ಲಿ ಕಾರ್ಪ್ ಮೀನುಗಳನ್ನು ಅವನು ಸಾಕುತ್ತಿದ್ದುದಂತೂ ನಿಜ. ಎರಡನೆಯ ಮಹಾಯುದ್ಧದ ನಡುವೆ, 1941ರ ನವೆಂಬರ್ 18ರಂದು, ಆ ಜಮೀನಿನಲ್ಲಿಯೇ ಅವನು ತೀರಿಕೊಂಡನು. ಯುದ್ಧ ಮುಗಿದು ಕೆಲವು ವರ್ಷಗಳ ನಂತರ ಅವನ ಅವಶೇಷವನ್ನು ಗ್ಯೋಟಿಂಗೆನ್ನಿಗೆ ತಂದು ಅಲ್ಲಿನ ರುದ್ರಭೂಮಿಯಲ್ಲಿ ಇರಿಸಲಾಯಿತು. ಗೆಳೆಯ ಪ್ಲಾಂಕನ ಸಮಾಧಿಯೂ ಅದೇ ಆವರಣದಲ್ಲಿದೆ.

ನರ್ನ್‌ಸ್ಟನ ಬದುಕು ನಮ್ಮಂಥ ಉಪಾಧ್ಯಾಯರಿಗೆ ಎರಡು ಪಾಠಗಳನ್ನು ಉಳಿಸಿದೆ. ಅವನ ಸಮೀಕರಣವನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸುವುದರಿಂದ ತೋಟದ ಮಗುವಿಗೆ ಆಗುವ ಪ್ರಯೋಜನ ಅಲ್ಪ. ಒಂದು ಗಾಜಿನ ಲೋಟ, ಚಿಟಿಕೆ ಮೈಲುತುತ್ತ, ಒಂದು ಕಬ್ಬಿಣದ ಮೊಳೆ, ಒಂದು ತುಂಡು ಸತು, ಒಂದು ವೋಲ್ಟ್‌ಮೀಟರು ಇಷ್ಟಿದ್ದರೆ ಆ ಸಮೀಕರಣ ಮಗುವಿನ ಕಣ್ಣೆದುರಿಗೇ ನಡೆದು ತೋರುತ್ತದೆ. ತನ್ನ ತಂದೆ ತಾಯಿ ತೋಟದಲ್ಲಿ ಅದ್ದಿ ನೋಡುವ ಚಾಕು ಒಂದು ಶಾಸ್ತ್ರದ ಉಪಕರಣವೆಂದು ಅರಿತ ಮಗು ಅವರ ಕೆಲಸವನ್ನು ಹೊಸ ಗೌರವದಿಂದ ನೋಡುವುದು ಖಂಡಿತ. ವಿದ್ಯಾಸಂಸ್ಥೆಗಳ ಪ್ರಯೋಗಶಾಲೆಗಳಿಗೆ ನೆರವಾಗುತ್ತಿರುವ ದಾನಿಗಳೂ ಹಳೆಯ ವಿದ್ಯಾರ್ಥಿಗಳೂ ಇದನ್ನು ಗಮನಿಸಬೇಕೆಂದು ವಿನಂತಿ. ಈ ಅರಿವನ್ನು ಮೂಡಿಸಲು ದೊಡ್ಡ ಯಂತ್ರಗಳೇನೂ ಬೇಕಾಗಿಲ್ಲ.

ಎರಡನೆಯ ಪಾಠ ಕಠಿಣವಾದುದು. ವಿಭವ ದಿಕ್ಕನ್ನು ಮಾತ್ರ ತಿಳಿಸುತ್ತದೆ. ತಡೆಯುವ ಪೊರೆ ಬೇರೆಡೆಯಿಂದ ಬರಬೇಕು. ವಿದ್ಯೆ ಮನುಷ್ಯನಿಗೆ ಏನೇನು ಸಾಧ್ಯವೆಂಬುದನ್ನು ತೋರಿಸಿಕೊಡುತ್ತದೆ. ಯಾವುದರಿಂದ ಕೈ ಹಿಂತೆಗೆಯಬೇಕೆಂಬ ವಿವೇಕವನ್ನು ವಿದ್ಯೆಯ ಜೊತೆಯಲ್ಲಿಯೇ ಬೆಳೆಸಬೇಕಾಗುತ್ತದೆ. ನರ್ನ್‌ಸ್ಟನಂಥ ಮೇಧಾವಿಗೂ 1914ರಲ್ಲಿ ಆ ವಿವೇಕ ಮಬ್ಬಾಯಿತು, 1933ರಲ್ಲಿ ಸ್ಪಷ್ಟವಾಯಿತು, ಅಷ್ಟರಲ್ಲಿ ಅವನು ತೆತ್ತ ಬೆಲೆ ಅಪಾರ. ಮಕ್ಕಳಿಗೆ ಮೊದಲನೆಯದನ್ನು ಕಲಿಸುವಾಗಲೇ ಎರಡನೆಯದನ್ನೂ ಕಲಿಸುವುದು ಶಾಲೆಗಳ ಹೊಣೆ. ಬರುವ ಮುಂಗಾರಿಗೆ ಮುನ್ನ ಕಣಿವೆಯ ತೋಟಗಳಲ್ಲಿ ಮತ್ತೆ ನೀಲಿ ದ್ರಾವಣ ಸಿದ್ಧವಾಗುತ್ತದೆ, ಮತ್ತೆ ಅಲಗುಗಳು ಅದರಲ್ಲಿ ಮುಳುಗಿ ಏಳುತ್ತವೆ. ಆಗ ಅದನ್ನು ನೋಡುವವರಲ್ಲಿ ಒಂದಿಬ್ಬರಾದರೂ ಬ್ರೀಸೆನ್ನಿನ ಆ ಬಾಲಕನನ್ನು ನೆನೆದರೆ ಈ ಲೇಖನ ಸಾರ್ಥಕ.